ಮನೆಗೆ ಬಂದ ಮೊಲ, ಹೊಟ್ಟೆಯಲ್ಲಿ ಹುಳ

ಮೊಲ ಸಾಕುವುದು ನಮ್ಮ ಕಾಸರಗೋಡಿನ ಕಡೆಗೆ ಹೊಸತಲ್ಲ. ಅಡಿಕೆ ತೋಟದ ಬದಿಯಲ್ಲಿ ಗೂಡು ಕಟ್ಟಿ, ಮಾಂಸಕ್ಕೆಂದು ಹತ್ತಿಪ್ಪತ್ತು ಮೊಲ ಸಾಕಿದವರು ಅನೇಕರಿದ್ದಾರೆ. ಇಂದಿನ ಮಾತು ಅವರನ್ನು ಉದ್ದೇಶಿಸಿದ್ದಲ್ಲ. ಮಕ್ಕಳ ಹಠಕ್ಕೆ ಮಣಿದು ಪೇಟೆಯಿಂದಲೋ, ಸಂಬಂಧಿಕರ ಮನೆಯಿಂದಲೋ ಒಂದು ಬಿಳಿ ಮೊಲವನ್ನು ರಟ್ಟಿನ ಪೆಟ್ಟಿಗೆಯಲ್ಲಿ ಹಾಕಿ ತಂದವರಿದ್ದಾರಲ್ಲ, ಅವರಿಗಾಗಿ. ತಂದ ಎರಡನೆಯ ವಾರಕ್ಕೆ ಅದರ ಹಿಕ್ಕೆಯಲ್ಲಿ ಬಿಳಿ ದಾರದಂಥದ್ದು ಏನೋ ಕಾಣುತ್ತದೆ. ಆಗ ಮನೆಯಲ್ಲಿ ಗಾಬರಿ ಸುರುವಾಗುತ್ತದೆ.

ಮೊದಲಿಗೇ ಒಂದು ಮಾತು. ನಾನು ಹೇಳುವುದು ಸಾಕುಮೊಲದ ವಿಷಯ. ಗುಡ್ಡೆಯಲ್ಲಿ ಹುಲ್ಲು ಸವರುವಾಗ ಸಿಕ್ಕಿದ ಕಾಡುಮೊಲದ ಮರಿಯನ್ನು ಪಾಪ ಎಂದು ಮನೆಗೆ ತರುವವರಿದ್ದಾರೆ. ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದನ್ನು ಹಿಡಿಯುವುದೂ ಸಾಕುವುದೂ ಅಪರಾಧ. ಅಲ್ಲದೆ ಆ ಮರಿ ಅನಾಥವೂ ಅಲ್ಲ. ತಾಯಿ ಹಗಲೆಲ್ಲ ದೂರವಿದ್ದು ಕತ್ತಲಾದ ಮೇಲೆ ಬಂದು ಹಾಲೂಡುತ್ತದೆ. ಸಿಕ್ಕಿದಲ್ಲೇ ಬಿಟ್ಟುಬಿಡಿ.

ಇನ್ನು ಹುಳದ ಮಾತು. ಕನ್ನಡದಲ್ಲಿ ನಾವು ಬಹಳ ಸಂಗತಿಗಳನ್ನು 'ಹುಳ' ಎಂಬ ಒಂದೇ ಶಬ್ದದಲ್ಲಿ ಮುಗಿಸಿಬಿಡುತ್ತೇವೆ. ಹೊಟ್ಟೆಯ ಜಂತುಹುಳವೂ ಹುಳ, ಗಾಯದಲ್ಲಿ ನೊಣ ಮೊಟ್ಟೆಯಿಟ್ಟು ಆದದ್ದೂ ಹುಳ. ಚರ್ಮದ ಹುಳುಕಡ್ಡಿಯಲ್ಲಂತೂ ಹುಳವೇ ಇಲ್ಲ, ಅದು ಒಂದು ಜಾತಿಯ ಬೂಸ್ಟು. ಆದರೂ ಹೆಸರಿನಲ್ಲಿ ಹುಳ ಉಂಟು. ಮೊಲ ಸಾಕುವವರು ಇವುಗಳನ್ನು ಬೇರೆ ಬೇರೆಯಾಗಿ ಗುರುತಿಸಲು ಕಲಿಯಬೇಕು. ಯಾಕೆಂದರೆ ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ, ಮತ್ತು ಒಂದರಲ್ಲಿ ವಾರಗಟ್ಟಲೆ ಸಮಯವಿದ್ದರೆ ಇನ್ನೊಂದರಲ್ಲಿ ಒಂದು ದಿನವೂ ಇಲ್ಲ.

ಹಿಕ್ಕೆಯಲ್ಲಿ ಕಾಣುವ ಬಿಳಿ ದಾರದ ಹುಳ ಸಾಧಾರಣವಾಗಿ ಪಸಲ್ಯುರಸ್ ಎಂಬ ಜಾತಿಯದ್ದು. ಅರ್ಧದಿಂದ ಒಂದು ಸೆಂಟಿಮೀಟರ್ ಉದ್ದ, ಹೊಲಿಗೆ ನೂಲಿನ ತುಂಡಿನ ಹಾಗೆ. ಹಿಕ್ಕೆ ಬಿದ್ದ ಕೂಡಲೇ ನೋಡಿದರೆ ಅದರ ಮೇಲೆ ಮೆಲ್ಲಗೆ ಹೊರಳಾಡುವುದು ಕಾಣುತ್ತದೆ. ಮೊಲದ ದೊಡ್ಡ ಕರುಳಿನಲ್ಲೂ, ಅದರ ಆರಂಭದಲ್ಲಿರುವ ಚೀಲದಂಥ ಅಂಧಕರುಳಿನಲ್ಲೂ ಇದರ ವಾಸ. ಇದಕ್ಕೆ ಮಧ್ಯದಲ್ಲಿ ಬೇರೊಂದು ಪ್ರಾಣಿಯ ಆಸರೆ ಬೇಡ. ಮೊಟ್ಟೆ ಹಿಕ್ಕೆಯೊಡನೆ ಹೊರಬರುತ್ತದೆ, ಹುಲ್ಲಿಗೋ ರೋಮಕ್ಕೋ ಅಂಟುತ್ತದೆ, ಮೊಲ ತನ್ನ ಮೈ ನೆಕ್ಕಿಕೊಳ್ಳುವಾಗ ಪುನಃ ಹೊಟ್ಟೆ ಸೇರುತ್ತದೆ. ಹೊಟ್ಟೆ ಸೇರಿದ ಮೊಟ್ಟೆ ಬೆಳೆದು ಪ್ರಾಯದ ಹುಳವಾಗಿ ತಾನೂ ಮೊಟ್ಟೆಯಿಡಬೇಕಾದರೆ ಎರಡು ತಿಂಗಳ ಹತ್ತಿರ ಬೇಕು. ಆದುದರಿಂದ ನಿನ್ನೆ ತಂದ ಮೊಲದಲ್ಲಿ ಇಂದು ದಾರದ ಹುಳ ಕಂಡರೆ, ಅದು ನಿಮ್ಮ ಮನೆಯಲ್ಲಿ ಬಂದದ್ದಲ್ಲ, ಮೊದಲಿನ ಮನೆಯಿಂದಲೇ ಜೊತೆಗೆ ಬಂದದ್ದು.

ಈ ಹುಳ ಮೊಲವನ್ನು ಕೊಲ್ಲುವುದು ತೀರಾ ಅಪರೂಪ. ಚೆನ್ನಾಗಿ ಹುಲ್ಲು ತಿಂದುಕೊಂಡು, ಗಟ್ಟಿ ಗುಂಡು ಹಿಕ್ಕೆ ಹಾಕುತ್ತಾ ಓಡಾಡಿಕೊಂಡಿರುವ ಮೊಲದ ಹೊಟ್ಟೆಯಲ್ಲಿಯೂ ಇವು ನೂರಾರು ಇರಬಹುದು. ಹೆಚ್ಚಾದಾಗ ಹಿಂಭಾಗ ತುರಿಸುತ್ತದೆ, ಮೊಲ ಪದೇ ಪದೇ ಅಲ್ಲಿ ಕಚ್ಚಿಕೊಳ್ಳುತ್ತದೆ, ರೋಮದ ಹೊಳಪು ಕುಂದುತ್ತದೆ, ತಿಂದದ್ದು ಮೈಗೆ ಹತ್ತುವುದಿಲ್ಲ. ಮದ್ದು ಕೊಡಬೇಕು ನಿಜ. ಆದರೆ ರಾತ್ರಿ ಹನ್ನೊಂದು ಗಂಟೆಗೆ ವೈದ್ಯರ ಬಾಗಿಲು ತಟ್ಟುವ ಕಾಯಿಲೆ ಇದಲ್ಲ.

ಕಳೆದ ಮಳೆಗಾಲದಲ್ಲಿ ಏಳನೆಯ ತರಗತಿಯ ಒಬ್ಬಳು ಹುಡುಗಿ ಅಜ್ಜಿಯ ಜೊತೆ ನನ್ನಲ್ಲಿಗೆ ಬಂದಿದ್ದಳು. ಮಡಿಲಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಮೊಲ. ಹುಡುಗಿಯ ಕಣ್ಣು ಅತ್ತು ಕೆಂಪಾಗಿತ್ತು. ಸಂಗತಿ ಏನೆಂದರೆ, ಮನೆಯಲ್ಲಿ ಎರಡು ವರ್ಷದ ಪುಟ್ಟ ಮಗು ಇತ್ತು, ಮೊಲದ ಹುಳ ಮಗುವಿಗೆ ಹತ್ತುತ್ತದೆ ಎಂದು ಯಾರೋ ಹೇಳಿದ್ದರು. ಮೊಲವನ್ನು ಸಂಜೆಯೊಳಗೆ ತೋಟದ ಆಚೆ ಬಿಟ್ಟು ಬರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. "ಡಾಕ್ಟ್ರೇ, ಇದನ್ನು ಮನೆಯೊಳಗೆ ಇಟ್ಟುಕೊಳ್ಳಬಹುದಾ, ಒಂದು ಮಾತು ಹೇಳಿಬಿಡಿ" ಎಂದರು ಅಜ್ಜಿ. "ಇಟ್ಟುಕೊಳ್ಳಿ ಅಜ್ಜೀ, ಈ ಹುಳ ಮನುಷ್ಯರಿಗೆ ಬರುವುದಿಲ್ಲ" ಎಂದೆ. ಅಜ್ಜಿಗೆ ಪೂರ್ತಿ ನಂಬಿಕೆ ಬಂದ ಹಾಗೆ ಕಾಣಲಿಲ್ಲ. ಮಗುವಿಗೂ ರಾತ್ರಿ ಹೊತ್ತು ತುರಿಕೆ ಉಂಟು, ಅದು ಹೇಗೆ ಬಂತು ಎಂದು ಕೇಳಿದರು.

ಆ ಪ್ರಶ್ನೆ ನ್ಯಾಯವಾದದ್ದೇ. ಮಕ್ಕಳ ಹಿಂಭಾಗದಲ್ಲಿ ರಾತ್ರಿ ತುರಿಕೆ ತರುವ ದಾರದ ಹುಳ ನೋಡಲು ಮೊಲದ ಹುಳದ ಹಾಗೆಯೇ ಇರುತ್ತದೆ. ಆದರೆ ಜಾತಿ ಬೇರೆ. ಮಕ್ಕಳದ್ದು ಮನುಷ್ಯರಿಂದ ಮನುಷ್ಯರಿಗೆ, ಉಗುರಿನಿಂದ ಬಾಯಿಗೆ ಹಬ್ಬುತ್ತದೆ; ಮೊಲದ್ದು ಮೊಲದಿಂದ ಮೊಲಕ್ಕೆ. ಅದು ಇದಾಗುವುದಿಲ್ಲ, ಇದು ಅದಾಗುವುದಿಲ್ಲ. ಮೊಲದಿಂದ ಮಕ್ಕಳಿಗೆ ನಿಜವಾಗಿ ಅಂಟುವುದು ಆಗ ಹೇಳಿದ ಹುಳುಕಡ್ಡಿ. ಮೊಲದ ಮುಖ, ಕಿವಿ, ಕಾಲುಗಳಲ್ಲಿ ರೋಮ ಉದುರಿ ಹೊಟ್ಟಿನಂಥ ಬಿಲ್ಲೆಗಳು ಕಂಡರೆ ಮಕ್ಕಳು ಮುಟ್ಟದಂತೆ ನೋಡಿಕೊಂಡು ವೈದ್ಯರಿಗೆ ತೋರಿಸಿ. ಜನ ಹೆದರಬೇಕಾದ್ದಕ್ಕೆ ಹೆದರದೆ ಹೆದರಬೇಕಾಗಿಲ್ಲದ್ದಕ್ಕೆ ಹೆದರುತ್ತಾರೆ ಎಂದು ನನಗೆ ಅನೇಕ ಸಲ ಅನ್ನಿಸಿದೆ.

ಈಗ ಮದ್ದಿನ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕಾಗಿದೆ.

ದಾರದ ಹುಳಕ್ಕೆ ಈಗ ಹೆಚ್ಚಾಗಿ ಬಳಕೆಯಲ್ಲಿರುವುದು ಫೆನ್‌ಬೆಂಡಜೋಲ್. ಮೊಲದ ಪ್ರತಿ ಕಿಲೋ ತೂಕಕ್ಕೆ 20 ಮಿಲಿಗ್ರಾಂನಂತೆ, ದಿನಕ್ಕೊಂದು ಸಲ, ಐದು ದಿನ ಬಾಯಿಯ ಮೂಲಕ ಕೊಡುತ್ತಾರೆ. ಹತ್ತರಿಂದ ಹದಿನಾಲ್ಕು ದಿನ ಕಳೆದು ಇನ್ನೊಂದು ಸರದಿ ಕೊಡುವುದು ವಾಡಿಕೆ, ಯಾಕೆಂದರೆ ಮೊದಲ ಸರದಿಯ ನಂತರವೂ ಮೊಲ ರೋಮದಲ್ಲಿದ್ದ ಮೊಟ್ಟೆಗಳನ್ನು ನೆಕ್ಕಿ ಪುನಃ ನುಂಗಿರುತ್ತದೆ. ಲೆಕ್ಕ ನೋಡಿ: ಒಂದೂವರೆ ಕಿಲೋ ಮೊಲಕ್ಕೆ ಒಂದು ಸಲಕ್ಕೆ 30 ಮಿಲಿಗ್ರಾಂ. ಅಂಗಡಿಯಲ್ಲಿ ಸಿಗುವ ದ್ರಾವಣ ನೂರಕ್ಕೆ ಎರಡೂವರೆಯದ್ದಾದರೆ ಅದು 1.2 ಮಿಲಿಲೀಟರ್. ನೂರಕ್ಕೆ ಹತ್ತರದ್ದಾದರೆ 0.3 ಮಿಲಿಲೀಟರ್ ಮಾತ್ರ. ಬಾಟಲಿ ನೋಡಲು ಒಂದೇ ಥರ, ಒಳಗಿನ ಶಕ್ತಿ ನಾಲ್ಕು ಪಟ್ಟು ಬೇರೆ. ನಾನು ಈ ಅಂಕಿ ಹೇಳಿದ್ದು ನೀವೇ ಮದ್ದು ಮಾಡಿಕೊಳ್ಳಲಿ ಎಂದಲ್ಲ. ಆಡಿಗೆ ತಂದು ಅಟ್ಟದಲ್ಲಿಟ್ಟ ಅರ್ಧ ಬಾಟಲಿ ಜಂತುಹುಳದ ಮದ್ದನ್ನು ಚಮಚದ ಅಂದಾಜಿನಲ್ಲಿ ಮೊಲದ ಬಾಯಿಗೆ ಹೊಯ್ಯುವುದು ಯಾಕೆ ಅಪಾಯವೆಂದು ತಿಳಿಯಲಿ ಎಂದು.

ಅಪಾಯ ಹೆಚ್ಚಾಗಿರುವುದು ಆಲ್ಬೆಂಡಜೋಲ್ ವಿಷಯದಲ್ಲಿ. ಆಡು ದನಗಳಿಗೆ ಕೊಡುವುದು ಅದೇ. 2015ರಿಂದ ರಾಷ್ಟ್ರೀಯ ಜಂತುಹುಳ ನಿವಾರಣಾ ದಿನದಂದು ಶಾಲೆಯಲ್ಲಿ ನಮ್ಮ ಮಕ್ಕಳಿಗೆ ಕೊಡುವ 400 ಮಿಲಿಗ್ರಾಂ ಮಾತ್ರೆಯೂ ಅದೇ. ಮಕ್ಕಳಿಗೆ ಅದು ಒಳ್ಳೆಯ ಮದ್ದು, ತಪ್ಪದೆ ತಿನ್ನಿಸಿ. ಆದರೆ "ನನಗೆ ಹಾಕಿದ್ದನ್ನೇ ಇದಕ್ಕೂ ಒಂದು ಚೂರು ಹಾಕುತ್ತೇನೆ" ಎಂದು ಮಗು ಮೊಲಕ್ಕೆ ಮಾತ್ರೆಯ ತುಂಡು ತಿನ್ನಿಸಬಾರದು. ಆಲ್ಬೆಂಡಜೋಲ್ ಕೊಟ್ಟ ಕೆಲವು ಮೊಲಗಳಲ್ಲಿ ಎಲುಬಿನ ಮಜ್ಜೆ ಕೆಟ್ಟು ರಕ್ತಕಣಗಳು ಕುಸಿದು ಸತ್ತದ್ದನ್ನು ಅಮೆರಿಕದ ಪಶುವೈದ್ಯರು 2014ರಲ್ಲಿ ಪ್ರಕಟಿಸಿದ್ದಾರೆ. ಫೆನ್‌ಬೆಂಡಜೋಲ್ ಕೂಡ ಅದೇ ಕುಟುಂಬದ್ದು. ಹಾಗಾಗಿ ಅದನ್ನೂ ಬೇಕಾಬಿಟ್ಟಿ ದಿನ ಎಳೆಯುವಂತಿಲ್ಲ. ಬಸಿರಿನ ಮೊಲವಾಗಿದ್ದರೆ ಮೊದಲೇ ವೈದ್ಯರಿಗೆ ಹೇಳಬೇಕು.

ಇನ್ನೊಂದು ನಂಬಿಕೆ ಐವರ್‌ಮೆಕ್ಟಿನ್ ಇಂಜೆಕ್ಷನಿನದ್ದು. ಕಿವಿಯ ಕಜ್ಜಿಗೆ, ಮೈಕಜ್ಜಿಗೆ ಅದು ಬಹಳ ಒಳ್ಳೆಯದು. ಆದರೆ ಮೊಲದ ದಾರದ ಹುಳಕ್ಕೆ ಅದನ್ನು ನಂಬುವಂತಿಲ್ಲ. ಕಜ್ಜಿಗೆ ಚುಚ್ಚಿಸಿದ್ದೇವೆ, ಹುಳವೂ ಹೋಗಿರಬೇಕು ಎಂದು ಸುಮ್ಮನಿರಬೇಡಿ. ನಾಯಿಯ ಉಣ್ಣಿಗೆ ಸಿಂಪಡಿಸುವ ಫಿಪ್ರೋನಿಲ್ ಅನ್ನಂತೂ ಮೊಲದ ಹತ್ತಿರ ತರಲೇಬೇಡಿ. ಅದರಿಂದ ಮೊಲ ಸಾಯುತ್ತದೆ.

ಮನೆಮದ್ದಿನ ಬಗ್ಗೆ ಕೇಳುವವರಿದ್ದಾರೆ. ಹಿಂದೆ ಮಕ್ಕಳಿಗೆ ಹುಳದ ಮದ್ದು ಕೊಟ್ಟ ಮರುದಿನ ಹರಳೆಣ್ಣೆ ಕುಡಿಸಿ ಹೊಟ್ಟೆ ತೊಳೆಸುತ್ತಿದ್ದರಷ್ಟೆ. ಮೊಲಕ್ಕೆ ಹಾಗೆ ಮಾಡಬಾರದು. ಉಪವಾಸ ಹಾಕಿ ಮದ್ದು ಕೊಡುವ ಕ್ರಮವೂ ಇಲ್ಲಿ ಸಲ್ಲದು. ಮೊಲದ ಕರುಳು ಸದಾ ನಡೆಯುತ್ತಿರಬೇಕಾದ ಯಂತ್ರ. ಅರ್ಧ ದಿನ ಮೊಲ ಏನೂ ತಿನ್ನದಿದ್ದರೆ ಅದೇ ಒಂದು ದೊಡ್ಡ ಕಾಯಿಲೆ. ಬೆಳ್ಳುಳ್ಳಿ, ನೀರುಳ್ಳಿ ಮೊಲದ ರಕ್ತಕ್ಕೆ ಹಾನಿ. ಹೊಟ್ಟೆ ಕೆಟ್ಟಿದೆಯೆಂದು ಮಕ್ಕಳ ಆಂಪಿಸಿಲಿನ್, ಅಮಾಕ್ಸಿಸಿಲಿನ್ ಸಿರಪ್ಪನ್ನು ಬಾಯಿಗೆ ಹನಿಸಿದವರನ್ನೂ ನೋಡಿದ್ದೇನೆ. ಮೊಲದ ಅಂಧಕರುಳಿನಲ್ಲಿ ಹುಲ್ಲನ್ನು ಹುಳಿಸುವ ಒಳ್ಳೆಯ ಜೀವಾಣುಗಳು ಅದರಿಂದ ಸತ್ತು, ಕೆಟ್ಟವು ಬೆಳೆದು, ವಿಷವಾಗಿ ಮೊಲ ಸಾಯುತ್ತದೆ. ಹುಳದಿಂದ ಸಾಯದ ಮೊಲ ಮದ್ದಿನಿಂದ ಸಾಯುವುದು ಹೀಗೆ.

ಮದ್ದು ಕುಡಿಸುವ ರೀತಿಯನ್ನೂ ಹೇಳಿಬಿಡುತ್ತೇನೆ. ಮೊದಲು ತೂಕ. ಬರೀ ಬುಟ್ಟಿಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ, ಮತ್ತೆ ಮೊಲ ಕುಳ್ಳಿರಿಸಿ ತೂಗಿ, ಕಳೆದರಾಯಿತು. ಮೊಲವನ್ನು ಬೈರಾಸಿನಲ್ಲಿ ಕುತ್ತಿಗೆಯವರೆಗೆ ಸುತ್ತಿ ಮೇಜಿನ ಮೇಲಿಡಿ. ಸೂಜಿಯಿಲ್ಲದ ಒಂದು ಮಿಲಿಲೀಟರಿನ ಸಿರಿಂಜು ಸಾಕು. ಮುಂದಿನ ಹಲ್ಲಿನ ಹಿಂದೆ, ತುಟಿಯ ಬದಿಯಲ್ಲಿ ಹಲ್ಲಿಲ್ಲದ ಒಂದು ಸಂದು ಇದೆ. ಅಲ್ಲಿಂದ ತೂರಿಸಿ ಸ್ವಲ್ಪ ಸ್ವಲ್ಪವೇ ಬಿಡಿ, ಅದು ನುಂಗಲಿ. ಅಂಗಾತ ಮಲಗಿಸಿ ಹೊಯ್ದರೆ ಶ್ವಾಸಕೋಶಕ್ಕೆ ಹೋಗುತ್ತದೆ. ಕಿವಿ ಹಿಡಿದು ಎತ್ತಬಾರದು ಎಂಬುದನ್ನು ಪ್ರತ್ಯೇಕ ಹೇಳಬೇಕೇ? ಹೇಳಬೇಕು, ಈಗಲೂ ಎತ್ತುವವರಿದ್ದಾರೆ.

ಇಷ್ಟು ದಾರದ ಹುಳದ ಕತೆ. ಆದರೆ ನಮ್ಮ ಮಳೆನಾಡಿನಲ್ಲಿ ಮೊಲದ ಮರಿಗಳನ್ನು ನಿಜವಾಗಿ ಕೊಲ್ಲುವುದು ಕಣ್ಣಿಗೆ ಕಾಣದ ಇನ್ನೊಂದು. ಕಾಕ್ಸಿಡಿಯಾ ಎಂದು ಅದರ ಹೆಸರು. ಕೋಳಿ ಸಾಕಿದವರಿಗೆ ರಕ್ತಭೇದಿ ಎಂದರೆ ಗೊತ್ತಾಗುತ್ತದೆ. ಅದೇ ಕುಲದ ಜೀವಿ, ಆದರೆ ಕೋಳಿಯದ್ದು ಮೊಲಕ್ಕೆ ಬರುವುದಿಲ್ಲ, ಮೊಲದ್ದು ಕೋಳಿಗೆ ಹೋಗುವುದಿಲ್ಲ. ಮೊಲದಲ್ಲಿ ಇದು ಎರಡು ಬಗೆ: ಒಂದು ಕರುಳನ್ನು ಹಿಡಿಯುತ್ತದೆ, ಇನ್ನೊಂದು ಪಿತ್ತಕೋಶದ ನಾಳಗಳ ಮೂಲಕ ಯಕೃತ್ತನ್ನು ಕೆಡಿಸುತ್ತದೆ. ಹಾಲು ಬಿಟ್ಟ ಎಳೆಯ ಮರಿಗಳು, ಅದರಲ್ಲೂ ಊರು ಬದಲಿಸಿದ ಮರಿಗಳು ಇದಕ್ಕೆ ಬೇಗ ಬಲಿಯಾಗುತ್ತವೆ. ಹೊಟ್ಟೆ ಉಬ್ಬುತ್ತದೆ, ಬೆನ್ನೆಲುಬು ಕೈಗೆ ಸಿಗುತ್ತದೆ, ತೆಳ್ಳಗೆ ಭೇದಿಯಾಗುತ್ತದೆ, ಮೂಲೆಯಲ್ಲಿ ಮುದುಡಿ ಕೂರುತ್ತದೆ. ಜನ ಇದನ್ನೂ ಹುಳವೆಂದೇ ತಿಳಿದು ಹುಳದ ಮದ್ದು ಕೊಡುತ್ತಾರೆ. ವಾಸಿಯಾಗಲಿಲ್ಲವೆಂದು ಪುನಃ ಕೊಡುತ್ತಾರೆ. ಜಂತುಹುಳದ ಯಾವ ಮದ್ದೂ ಕಾಕ್ಸಿಡಿಯಾವನ್ನು ಮುಟ್ಟುವುದಿಲ್ಲ. ಇದಕ್ಕೆ ಸಲ್ಫಾ ಜಾತಿಯ ಮದ್ದು, ಆಂಪ್ರೋಲಿಯಂ, ಟಾಲ್ಟ್ರಾಜುರಿಲ್ ಮುಂತಾದವು ಬೇರೆಯೇ ಇವೆ. ಯಾವುದು, ಎಷ್ಟು ದಿನ ಎಂಬುದನ್ನು ಹಿಕ್ಕೆ ಪರೀಕ್ಷಿಸಿಯೇ ನಿಶ್ಚಯಿಸಬೇಕು.

ಹಿಕ್ಕೆ ಪರೀಕ್ಷೆ ಭಾರೀ ಖರ್ಚಿನ ಸಂಗತಿಯಲ್ಲ. ಗಟ್ಟಿ ಉಪ್ಪುನೀರಿನಲ್ಲಿ ಹಿಕ್ಕೆ ಕದಡಿ, ಮೇಲೆ ತೇಲಿ ಬಂದದ್ದನ್ನು ಗಾಜಿನ ಮೇಲೆ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಳದ ಮೊಟ್ಟೆ ಯಾವುದು, ಕಾಕ್ಸಿಡಿಯಾ ಯಾವುದು ಎಂದು ತಿಳಿಯುತ್ತದೆ. ನೀವು ಮಾಡಬೇಕಾದ್ದು ಇಷ್ಟೇ: ಅದೇ ದಿನದ ಹಿಕ್ಕೆ ಹತ್ತು ಹನ್ನೆರಡನ್ನು ಗೂಡಿನ ಹಲಗೆಯಿಂದ ಹೆಕ್ಕಿ ಮುಚ್ಚಳವಿರುವ ಸಣ್ಣ ಡಬ್ಬಿಯಲ್ಲಿ ತನ್ನಿ. ನೆಲಕ್ಕೆ ಬಿದ್ದು ಎರಡು ದಿನವಾದದ್ದು ಬೇಡ. ಮಣ್ಣಿನ ಹುಳು, ನೊಣದ ಹುಳು ಎಲ್ಲ ಅದರಲ್ಲಿ ಸೇರಿಕೊಂಡು, ಇಲ್ಲದ ಕಾಯಿಲೆ ಇದೆಯೆಂದು ಕಾಣುತ್ತದೆ.

ಇಲ್ಲೊಂದು ಎಚ್ಚರಿಕೆ. ಮುಂಜಾನೆ ಗೂಡಿನಲ್ಲಿ ಕೆಲವೊಮ್ಮೆ ಸಣ್ಣ ದ್ರಾಕ್ಷಿ ಗೊಂಚಲಿನ ಹಾಗೆ ಅಂಟಿಕೊಂಡ, ಹೊಳೆಯುವ ಮೆದು ಹಿಕ್ಕೆ ಕಾಣುತ್ತದೆ. ಅದು ಭೇದಿಯಲ್ಲ. ಮೊಲ ತನ್ನ ಅಂಧಕರುಳಿನಲ್ಲಿ ತಯಾರಾದ ಈ ಮೆದು ಹಿಕ್ಕೆಯನ್ನು ಹಿಂಭಾಗದಿಂದ ನೇರ ಬಾಯಿಗೆ ತೆಗೆದುಕೊಂಡು ತಿನ್ನುತ್ತದೆ. ದನ ಮೆಲುಕು ಹಾಕಿದ ಹಾಗೆ ಎಂದು ತಿಳಿಯಿರಿ. ಅಸಹ್ಯವೆಂದು ತಡೆದರೆ ಅದಕ್ಕೆ ಬೇಕಾದ ಸತ್ವ ತಪ್ಪುತ್ತದೆ. ದಿನವೂ ತಿನ್ನದೆ ಬಿಡುತ್ತಿದ್ದರೆ ಮಾತ್ರ, ಕಾಳು ಹಿಂಡಿ ಹೆಚ್ಚಾಯಿತು, ಹುಲ್ಲು ಕಡಿಮೆಯಾಯಿತು ಎಂದು ಅರ್ಥ.

ಇನ್ನು ಮೂರನೆಯ ಹುಳ, ನೊಣದ್ದು. ಭೇದಿಯಾಗಿ ಹಿಂಭಾಗ ಒದ್ದೆಯಾದ ಮೊಲದ ಮೇಲೆ ನೊಣ ಮೊಟ್ಟೆಯಿಟ್ಟರೆ ಒಂದು ದಿನದೊಳಗೆ ಹುಳು ಎದ್ದು ಚರ್ಮದೊಳಗೆ ಇಳಿಯುತ್ತದೆ. ಬಾಲದ ಬುಡದಲ್ಲಿ ದಪ್ಪ ದಪ್ಪ ಬಿಳಿ ಹುಳುಗಳು ಕಂಡರೆ ಅದು ಜಂತುಹುಳವಲ್ಲ. ನಾಳೆ ನೋಡುವ ಎನ್ನುವಂತಿಲ್ಲ, ಆ ಹೊತ್ತಿಗೇ ವೈದ್ಯರಲ್ಲಿಗೆ ಒಯ್ಯಬೇಕು. ಮೇ ತಿಂಗಳಿಂದ ಮಳೆ ನಿಲ್ಲುವವರೆಗೆ ದಿನಕ್ಕೊಮ್ಮೆ ಬಾಲ ಎತ್ತಿ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಲಾಡಿಹುಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಗೂಡಿನ ಮೊಲದಲ್ಲಿ ಅದು ಅಪರೂಪ. ಆದರೆ ನಾಯಿಯ ಒಂದು ಲಾಡಿಹುಳದ ಮೊಟ್ಟೆ ಹುಲ್ಲಿನ ಮೂಲಕ ಮೊಲದ ಹೊಟ್ಟೆ ಸೇರಿ, ಕರುಳಿನ ಪೊರೆಯ ಮೇಲೆ ಬಟಾಣಿ ಗಾತ್ರದ ನೀರುಗುಳ್ಳೆಗಳಾಗುತ್ತವೆ. ಬೀದಿನಾಯಿ ಓಡಾಡುವ ಗದ್ದೆಹುಣಿಯ ಹುಲ್ಲು ಮೊಲಕ್ಕೆ ಬೇಡ. ಮನೆಯ ನಾಯಿಗೆ ಪ್ರಾಜಿಕ್ವಾಂಟೆಲ್ ಇರುವ ಹುಳದ ಮದ್ದನ್ನು ಕಾಲಕಾಲಕ್ಕೆ ಕೊಡಿಸಿ. ಮೊಲ ಕೊಯ್ದವರು ಅದರ ಹಸಿ ಕರುಳನ್ನು ನಾಯಿಗೆ ಎಸೆದರೆ ಚಕ್ರ ಪುನಃ ತಿರುಗಿತು.

ಮದ್ದಿಗಿಂತ ದೊಡ್ಡ ಕೆಲಸ ಗೂಡಿನದ್ದು. ಕಾಕ್ಸಿಡಿಯಾ ಹಿಕ್ಕೆಯೊಡನೆ ಹೊರಬಿದ್ದ ಕೂಡಲೇ ರೋಗ ಹಬ್ಬಿಸುವುದಿಲ್ಲ. ತೇವ, ಬಿಸಿ, ಗಾಳಿ ಸಿಕ್ಕಿ ಹಣ್ಣಾಗಲು ಅದಕ್ಕೆ ಒಂದರಿಂದ ನಾಲ್ಕು ದಿನ ಬೇಕು. ನಾವು ದಿನವೂ ಬೆಳಿಗ್ಗೆ ಹಿಕ್ಕೆ ಗುಡಿಸಿದರೆ ಅದು ಹಣ್ಣಾಗುವ ಮೊದಲೇ ಹೊರಗೆ ಹೋಯಿತು. ಇಷ್ಟು ಸುಲಭದ ಉಪಾಯ ಬೇರೆ ಕಾಯಿಲೆಗಳಲ್ಲಿ ಸಿಕ್ಕುವುದು ಕಷ್ಟ. ಆದರೆ ಆಟಿ ತಿಂಗಳಲ್ಲಿ ಗೂಡಿನ ಗೋಣಿಚೀಲ ಒದ್ದೆಯಾಗಿಯೇ ವಾರ ಕಳೆಯುತ್ತದೆ, ಅಲ್ಲಿಗೆ ಎಲ್ಲ ಮುಗಿಯಿತು. ನೆಲದಿಂದ ಎರಡು ಮೂರು ಅಡಿ ಎತ್ತರಕ್ಕೆ ಗೂಡು ಕಟ್ಟಿ, ಅರ್ಧ ಇಂಚು ಕಣ್ಣಿನ ತಂತಿಬಲೆ ಹಾಕಿದರೆ ಹಿಕ್ಕೆ ಕೆಳಗೆ ಉದುರುತ್ತದೆ. ಪೂರ್ತಿ ಬಲೆಯಾದರೆ ಮೊಲದ ಪಾದ ಹುಣ್ಣಾಗುತ್ತದೆ, ಒಂದು ಬದಿಗೆ ಕುಳಿತುಕೊಳ್ಳಲು ಹಲಗೆ ಇರಲಿ. ಹುಲ್ಲನ್ನು ನೆಲಕ್ಕೆ ಹಾಕದೆ ಬದಿಯಲ್ಲಿ ತೂಗುಹಾಕಿ. ಫಿನೈಲಿಗೆ ಕಾಕ್ಸಿಡಿಯಾ ಸಾಯುವುದಿಲ್ಲ. ಕುದಿಯುವ ನೀರು ಹೊಯ್ಯಬೇಕು. ಕಬ್ಬಿಣದ ಬಲೆಯಾದರೆ ಮೊಲವನ್ನು ದೂರವಿಟ್ಟು, ಹತ್ತಿರ ಬೈಹುಲ್ಲು ಸೋಗೆ ಇಲ್ಲವೆಂದು ನೋಡಿಕೊಂಡು, ತೆಂಗಿನ ಗರಿಯ ಸೂಟೆ ಹೊತ್ತಿಸಿ ಬಲೆಗೆ ಬೆಂಕಿ ತೋರಿಸಬಹುದು. ಬಿಸಿಲು ಬಿದ್ದ ದಿನ ಖಾಲಿ ಗೂಡನ್ನು ಅಂಗಳಕ್ಕೆ ಎಳೆದು ಒಣಗಿಸಿ. ಗುಡಿಸಿದ ಹಿಕ್ಕೆ ಒಳ್ಳೆಯ ಗೊಬ್ಬರ. ಹೊಂಡದಲ್ಲಿ ಕೊಳೆಸಿ ಮಲ್ಲಿಗೆ ಬುಡಕ್ಕೋ ಅಡಿಕೆ ಬುಡಕ್ಕೋ ಹಾಕಿ. ಮೊಲಕ್ಕೆ ಕೊಯ್ಯುವ ಹುಲ್ಲಿನ ತಾಕಿಗೆ ಮಾತ್ರ ಹಾಕಬೇಡಿ.

ಹೊಸದಾಗಿ ತಂದ ಮೊಲಕ್ಕೆ ಬಂದ ದಿನವೇ ಮದ್ದು ಕುಡಿಸುವ ಅವಸರ ಬೇಡ. ಜಾಗ ಬದಲಾಗಿ ಅದು ಕಂಗಾಲಾಗಿರುತ್ತದೆ. ಎರಡು ಮೂರು ದಿನ ಸುಮ್ಮನೆ ಬಿಡಿ, ಹಿಕ್ಕೆ ಪರೀಕ್ಷೆಗೆ ಕೊಡಿ. ಮೊದಲಿನ ಮನೆಯಲ್ಲಿ ಏನು ತಿನ್ನುತ್ತಿತ್ತೆಂದು ಕೇಳಿಕೊಂಡು ಬನ್ನಿ. ಅದನ್ನೇ ಕೊಟ್ಟು, ಒಂದು ವಾರ ಹತ್ತು ದಿನದಲ್ಲಿ ನಿಮ್ಮ ಗರಿಕೆ, ಹಲಸಿನೆಲೆ, ಹಾಲುವಾಣದ ಎಲೆಗೆ ಮೆಲ್ಲನೆ ತಿರುಗಿಸಿ. ಮಳೆಯಲ್ಲಿ ಕೊಯ್ದ ಹುಲ್ಲನ್ನು ನೀರು ಜಾಡಿಸಿ ನೆರಳಲ್ಲಿ ಆರಿಸಿಯೇ ಹಾಕಿ. ಮನೆಯಲ್ಲಿ ಮೊದಲೇ ಮೊಲವಿದ್ದರೆ ಹೊಸದನ್ನು ಮೂರು ನಾಲ್ಕು ವಾರ ಬೇರೆಯೇ ಇಡಬೇಕು, ಹಳೆಯದಕ್ಕೆ ಹುಲ್ಲು ಹಾಕಿ ಆಮೇಲೆ ಹೊಸದಕ್ಕೆ ಹಾಕಬೇಕು. ಹೊಸದನ್ನು ಮುಟ್ಟಿದ ಕೈಯನ್ನು ಸಾಬೂನಿನಲ್ಲಿ ತೊಳೆಯದೆ ಹಳೆಯದರ ಬಳಿ ಹೋಗಬಾರದು. ಒಂದಕ್ಕೆ ದಾರದ ಹುಳ ಕಂಡರೆ, ಜೊತೆಯಲ್ಲಿದ್ದ ಎಲ್ಲಕ್ಕೂ ಒಂದೇ ದಿನ ಮದ್ದು ಸುರುಮಾಡಬೇಕು.

ನಮ್ಮ ಕಡೆಯ ಮೃಗಾಸ್ಪತ್ರೆಗಳಲ್ಲಿ ವೈದ್ಯರು ಹೆಚ್ಚಾಗಿ ಮಲಯಾಳ ಮಾತನಾಡುವವರು. ಕನ್ನಡ ಮಾತ್ರ ಬರುವ ಹಿರಿಯರು ಹೇಳಬೇಕಾದ್ದನ್ನು ಹೇಳಲಾಗದೆ 'ಹುಳ, ಹುಳ' ಎಂದು ಮದ್ದು ತೆಗೆದುಕೊಂಡು ಬರುತ್ತಾರೆ. ನಾಲ್ಕು ಶಬ್ದ ನೆನಪಿಟ್ಟುಕೊಳ್ಳಿ. ಮೊಲಕ್ಕೆ ಮುಯಲ್. ಜಂತುಹುಳಕ್ಕೆ ವಿರ. ಭೇದಿಗೆ ವಯರಿಳಕ್ಕಂ. ತೂಕಕ್ಕೆ ತೂಕ್ಕಂ. ಒಂದು ಚೀಟಿಯಲ್ಲಿ ಮೊಲದ ಪ್ರಾಯ, ತೂಕ, ತಂದ ದಿನ, ಈವರೆಗೆ ಕೊಟ್ಟ ಮದ್ದು ಬರೆದುಕೊಳ್ಳಿ. ಮದ್ದಿನ ಬಾಟಲಿಯನ್ನೇ ಒಯ್ದರೆ ಇನ್ನೂ ಒಳ್ಳೆಯದು. ಆಗ ಹೇಳಿದ ಹುಡುಗಿ ತನ್ನ ನೋಟುಬುಕ್ಕಿನ ಹಾಳೆಯಲ್ಲಿ ಇದನ್ನೆಲ್ಲ ತಾನಾಗಿ ಬರೆದುಕೊಂಡು ಬಂದಿದ್ದಳು. ಅದರಿಂದ ನನ್ನ ಅರ್ಧ ಕೆಲಸ ಕಡಿಮೆಯಾಯಿತು.

ಎರಡನೆಯ ಸರದಿಯ ಮದ್ದು ಮುಗಿದು ಎರಡು ವಾರಕ್ಕೆ ಇನ್ನೊಮ್ಮೆ ಹಿಕ್ಕೆ ತೋರಿಸಿ. ಮೊಟ್ಟೆ ಕಾಣದಿದ್ದರೆ ಹೊಸ ಮೊಲವನ್ನು ಹಳೆಯದರ ಜೊತೆ ಬಿಡಬಹುದು. ಗಂಡು ಯಾವುದು ಹೆಣ್ಣು ಯಾವುದು ಎಂದು ಮಾತ್ರ ಮೊದಲೇ ನೋಡಿಸಿಕೊಳ್ಳಿ, ಯಾಕೆಂದರೆ ಮೊಲದ ಬಸಿರು ಮೂವತ್ತೊಂದೇ ದಿನದ್ದು.